ಅನಸವ್ವ ತನ್ನದೆಂದ ಒದ್ದೆ ಕಂಬಳಿ

ಅನಸವ್ವನ ಬಗ್ಗೆ ಯಾಕೆ ಬರೆಯಬೇಕು ಎಂದರೆ, ಆಕೆ ಮಾಡದ ಕೆಲಸವನ್ನು ತಾನೇ ಮಾಡಿದೆ ಎಂದು ಹೇಳಿ ಒಂದು ಮಗುವಿನ ಮಾನ ಉಳಿಸಿದಳು. ಅದರಿಂದ ಆಕೆಯ ಕೆಲಸ ಹೋಯಿತು. ಗುಡಿಯಲ್ಲಿ ಇದ್ದ ಜಾಗ ಹೋಯಿತು. ಇಂದಿಗೂ ಆಕೆಯನ್ನು ಒಂದು ಹೊಲಸು ಹೆಸರಿನಿಂದ ಕರೆಯುವವರು ಇದ್ದಾರೆ. ಅವರಿಗೆ ನಡೆದದ್ದು ಗೊತ್ತಿಲ್ಲ. ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ನಾನು ಬಸ್ಸಿನ ಡ್ರೈವರ್. ಹೆಚ್ಚು ಓದಿದವನಲ್ಲ. ನೋಡಿದ್ದನ್ನು, ಕೇಳಿದ್ದನ್ನು ಬರೆಯುತ್ತೇನೆ.

ಅನಸವ್ವನ ಮನೆ ಚಿಮ್ಮಡದ ಆಚೆ ಒಂದು ತೋಟದ ವಸ್ತಿಯಲ್ಲಿದೆ. ನನ್ನ ಮನೆಯೂ ಅಲ್ಲೇ. ವಸ್ತಿಯವರೆಲ್ಲ ಕುರಿ ಸಾಕಿಕೊಂಡು, ಕಬ್ಬು ಗೋವಿನಜೋಳ ಬೆಳೆದುಕೊಂಡು, ಬೀರಪ್ಪ ದೇವರಿಗೆ ನಡೆದುಕೊಳ್ಳುವ ಮನೆತನದವರು. ಅನಸವ್ವನ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮಕ್ಕಳಿಲ್ಲ. ಆಕೆ ದಿನಾ ಮುಂಜಾನೆ ಟಂಟಂ ಗಾಡಿ ಹತ್ತಿ ಬನಹಟ್ಟಿಗೆ ಬರುತ್ತಿದ್ದಳು. ಅಲ್ಲಿ ಒಂದು ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಿದ್ದಳು. ಆ ಶಾಲೆಯ ಮಕ್ಕಳು ಹೆಚ್ಚಿನವರು ಮಗ್ಗದ ಮನೆಯವರು. ಅವರಿಗೆ ಆಕೆ ಅನಸವ್ವಾಯಿ.

ಚಳಿಗಾಲದಲ್ಲಿ ಶಾಲೆಯವರು ಪ್ರವಾಸ ಹೊರಡುತ್ತಿದ್ದರು. ಬಸ್ಸು ನಾನು ಓಡಿಸುತ್ತಿದ್ದೆ. ಎಲ್ಲಾದರೂ ಒಂದು ರಾತ್ರಿ ಉಳಿಯಬೇಕಾಗುತ್ತಿತ್ತು. ಹುಡುಗಿಯರ ಸಂಗಡ ದಾನಮ್ಮ ಅಕ್ಕೋರು ಇರುತ್ತಿದ್ದರು. ಹುಡುಗಿಯರಿಗೆ ಪಾಠ ಹೇಳುವವರು ಅವರು. ಅಡಿಗೆಗೂ ಮಕ್ಕಳ ನಿಗಾಕ್ಕೂ ಅನಸವ್ವ ಇರುತ್ತಿದ್ದಳು. ಬಸ್ಸಿನ ಮೇಲೆ ಬೋಗುಣಿ, ಅಕ್ಕಿ ಚೀಲ. ಅದರ ಸಂಗಡ ಆಕೆಯ ಒಂದು ದೊಡ್ಡ ಗಂಟು. ಗಂಟಿನಲ್ಲಿ ಕರಿ ಕಂಬಳಿಗಳು. ಮನೆಯಲ್ಲಿದ್ದವು, ನೆಂಟರ ಮನೆಯಿಂದ ಬೇಡಿ ತಂದವು.

ಉಳಿದುಕೊಂಡ ಜಾಗದಲ್ಲಿ ಹುಡುಗಿಯರಿಗೆಲ್ಲ ಆ ಕಂಬಳಿಗಳನ್ನೇ ಹಾಸುತ್ತಿದ್ದಳು. ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು.

"ಆಯಿ, ಕುರಿ ವಾಸನಿ ಬರಾಕತ್ತೈತಿ!"

"ಬರಲಿ ಬಿಡ. ನಿಮ್ಮ ಮನಿ ಮಗ್ಗದ ಗಂಜಿ ವಾಸನಿಗಿಂತ ಛಲೋ ಐತಿ."

"ಆಯಿ ಬಂದ್ರ ಕುರಿಹಿಂಡ ಬಂದಂಗ ಆಕ್ಕೈತಿ!"

"ಹೌದು. ನೀವ ಮರಿ. ಮಲಗ್ರಿ ಸುಮ್ಮ."

ಆ ವಾಸನೆ ಆಕೆಗೆ ಬೇಕಾಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಊರು ಬಿಟ್ಟು ಬಂದ ಮಕ್ಕಳಲ್ಲಿ ಒಬ್ಬರಾದರೂ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ. ಕಂಬಳಿ ಒದ್ದೆಯಾದರೆ ಕುರಿ ವಾಸನೆಯೇ ಜೋರಾಗಿ ಬರುತ್ತದೆ, ಬೇರೆ ವಾಸನೆ ಅದರಲ್ಲಿ ಮುಚ್ಚಿಹೋಗುತ್ತದೆ. ಕರಿ ಬಣ್ಣದಲ್ಲಿ ಕಲೆ ಕಾಣುವುದಿಲ್ಲ. ದಪ್ಪ ಉಣ್ಣೆ ಕೆಳಗೆ ಇಳಿಯಲು ಬಿಡುವುದಿಲ್ಲ. ಮಲಗುವ ಮೊದಲು ಎಲ್ಲ ಹುಡುಗಿಯರನ್ನೂ ಸಾಲು ಹಚ್ಚಿ ಹೊರಗೆ ಕರೆದೊಯ್ಯುತ್ತಿದ್ದಳು. ಒಬ್ಬರನ್ನೇ ಕರೆಯುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು, ಒದ್ದೆಯಾದ ಕಂಬಳಿ ತೆಗೆದು ತನ್ನ ಕೆಳಗೆ ಹಾಕಿಕೊಂಡು, ಮಗುವಿಗೆ ಒಣ ಲಂಗ ಉಡಿಸಿ ಬೇರೆ ಕಂಬಳಿ ಹೊದಿಸುತ್ತಿದ್ದಳು. ಎಷ್ಟೋ ಮಕ್ಕಳಿಗೆ ತಮಗೆ ಏನಾಗಿತ್ತು ಎಂಬುದೇ ತಿಳಿದಿಲ್ಲ.

ಈಗ ಮಾಲಾಳ ವಿಷಯಕ್ಕೆ ಬರುತ್ತೇನೆ. ಮಾಲಾ ಎಂಬುದು ಆಕೆಯ ಖರೆ ಹೆಸರಲ್ಲ. ಆಕೆಯ ತಾಯಿಯನ್ನು ಶೇವಂತಿ ಎನ್ನೋಣ. ಅದೂ ನಾನು ಇಟ್ಟ ಹೆಸರೇ. ಶೇವಂತಿ ಒಂದು ಪಾವರ್‌ಲೂಮ್ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಹೋಗುತ್ತಿದ್ದಳು. ಮಾಲಾ ಆಗ ಆರನೇ ಇಯತ್ತೆ ಓದುತ್ತಿದ್ದಳು.

ಪ್ರವಾಸ ಹತ್ತಿರ ಬಂದಾಗ ಶೇವಂತಿ ಶಾಲೆಯ ಅಡಿಗೆ ಮನೆಗೆ ಬಂದಳಂತೆ. ಈ ಮಾತುಕತೆ ನನಗೆ ಶೇವಂತಿಯೇ ಆಮೇಲೆ ಹೇಳಿದ್ದು.

"ಅನಸವ್ವಾಯಿ, ನಮ್ಮ ಮಾಲಾ ಪ್ರವಾಸಕ್ಕ ಬರ್ತಾಳಂತ್ರಿ."

"ಬರ್ಲಿ. ಯಾಕ, ನೀ ಒಲ್ಲೆ ಅಂತಿಯೇನ?"

"ಒಲ್ಲೆ ಅಂದ್ರ ಉಣ್ಣೂದ ಬಿಟ್ಟಾಳ. ಗೆಳತ್ಯಾರೆಲ್ಲಾ ಹೊಂಟಾರ. ಆದ್ರ ಅಕಿಗೆ ಇನ್ನೂ..." ಎಂದು ಶೇವಂತಿ ಸೆರಗಿನ ತುದಿ ಹಿಡಿದು ನಿಂತಳು.

"ತಿಳೀತು ಬಿಡು. ಪೂರಾ ಹೇಳಬ್ಯಾಡ. ಅಲ್ಲಿ ಹುಡುಗೂರು ತಾಟ ತೊಳ್ಯಾಕತ್ತಾವ."

"ಅಂತ್ರ ಕಟ್ಟಿಸೇನಿ. ಔಷಧಾ ಕುಡಿಸೇನಿ. ಯಾವುದಕ್ಕೂ ಬಗ್ಗವಲ್ದು. ಆವತ್ತ ಮುಂಜಾನಿಂದ ನೀರ ಬಿಡಿಸಿ ಕಳಿಸ್ತೀನ್ರಿ. ನೀವೂ ಕೊಡಬ್ಯಾಡ್ರಿ."

"ಅದೊಂದ ಮಾಡಬ್ಯಾಡಬೇ. ಬಿಸಲಾಗ ಗುಡ್ಡಾ ಹತ್ತೂ ಹುಡುಗೂರು. ಕಣ್ಣಿಗೆ ಕತ್ತಲಿ ಬಂದ ಬಿದ್ರ, ಯಾಕ ನೀರ ಕುಡದಿಲ್ಲಂತ ಎಲ್ಲಾರೂ ಕೇಳ್ತಾರ. ನೀರ ಕುಡೀಲಿ. ರಾತ್ರಿದು ನನಗ ಬಿಡು."

"ಯಾರಿಗರ ಗೊತ್ತಾದ್ರ ಸಾಲಿಗೆ ಹೋಗೂದಿಲ್ಲ ಅಂತಾಳ್ರಿ. ಹಿಂಗ ಗೊತ್ತಾಗಿ ಅವರ ಅಕ್ಕ ಬಿಟ್ಲು ನೋಡ್ರಿ, ನನ್ನ ಮಗ್ಗಲಕ ಕುಂತ ಕಂಡಿಕಿ ಸುತ್ತಾಕತ್ತಾಳ."

"ಗೊತ್ತಾಗೂದಿಲ್ಲ," ಎಂದಳಂತೆ ಅನಸವ್ವ.

ಮಾತು ಕೊಟ್ಟದ್ದು ಸುಲಭ. ಆದರೆ ಆ ವರ್ಷವೇ ಕಂಬಳಿ ಬೇಡ ಎಂದರು. ಮಕ್ಕಳ ಮೈ ಕಡಿಯುತ್ತದೆ, ಬಟ್ಟೆಯೆಲ್ಲ ನಾರುತ್ತದೆ ಎಂದು ಕೆಲವು ತಂದೆ ತಾಯಿ ದೂರು ಹೇಳಿದ್ದರು. ಹೆಡ್ ಮಾಸ್ತರರಾದ ಪಾಂಡಪ್ಪ ಮಾಸ್ತರರು ಶಾಮಿಯಾನ ಅಂಗಡಿಯಿಂದ ಬಾಡಿಗೆ ಗಾದಿ ತರಿಸಿದರು. ಮೇಲೆ ಬಿಳಿ ಹೊದಿಕೆ.

"ಅನಸವ್ವ, ಈ ಸಲ ನಿನ್ನ ಕುರಿಹಿಂಡ ಮನ್ಯಾಗ ಇರ್ಲಿ," ಎಂದರು.

"ಕುರಿ ಎಲ್ಲ್ಯಾವ್ರೀ ಮಾಸ್ತರ, ಬರೇ ಕಂಬಳಿ."

"ವಾಸನಿ ಎರಡೂ ಒಂದ. ಬ್ಯಾಡಂದ್ರ ಬ್ಯಾಡ."

ಅನಸವ್ವ ಶೇವಂತಿಗೆ ಕೊಟ್ಟ ಮಾತು ಹೇಳುವ ಹಾಗಿರಲಿಲ್ಲ. ಹೇಳಿದರೆ ಅಲ್ಲಿಗೇ ಗೊತ್ತಾಯಿತಲ್ಲ.

ನಮ್ಮ ವಸ್ತಿಯಲ್ಲಿ ಬೀರಪ್ಪನ ಸಣ್ಣ ಗುಡಿ ಇದೆ. ದೇವರನ್ನು ಹೊರಗೆ ತಂದು ಕೂರಿಸುವಾಗ ಗದ್ದಿಗೆಗೆ ಒಂದು ಕಂಬಳಿ ಹಾಸುತ್ತಾರೆ. ಅದನ್ನು ಹಾಸುವ ಹಕ್ಕು ಅನಸವ್ವನ ಗಂಡನ ಮನೆಯದು. ಗಂಡ ಸತ್ತ ಮೇಲೆ ಆಕೆಯೇ ಹಾಸುತ್ತಿದ್ದಳು. ಹೆಂಗಸು ಹಾಸುವುದು ನಮ್ಮಲ್ಲಿ ಬೇರೆ ಎಲ್ಲೂ ಇಲ್ಲ. ಆದರೆ ಆಕೆಯ ಭಾವ ಜಕ್ಕಪ್ಪನೇ ಆ ಗುಡಿಯ ಪೂಜಾರಿ. ಅವನೇ, ತಮ್ಮನ ಮನಿ ಹಕ್ಕ ತಮ್ಮನ ಮನ್ಯಾಗ ಇರ್ಲಿ, ಎಂದು ಒಪ್ಪಿದ್ದ. ಆಕೆಗೆ ಇದ್ದ ಮರ್ಯಾದೆ ಅಂದರೆ ಅದೊಂದೇ.

ಆ ಕಂಬಳಿಯನ್ನು ವರ್ಷಕ್ಕೊಮ್ಮೆ ಹೊಳೆಯಲ್ಲಿ ತೊಳೆಯಬೇಕು. ಆ ಸಲ ಪ್ರವಾಸ ಬಾದಾಮಿ, ಪಟ್ಟದಕಲ್ಲು ನೋಡಿಕೊಂಡು ಕೂಡಲಸಂಗಮದಲ್ಲಿ ರಾತ್ರಿ ಉಳಿಯುವುದಿತ್ತು. ಅನಸವ್ವ ಭಾವನ ಹತ್ತಿರ ಹೋದಳು.

"ಭಾವಾರ, ಗದ್ದಿಗಿ ಕಂಬಳಿ ಈ ಸಲ ಸಂಗಮದಾಗ ತೊಳಕೊಂಡ ಬರ್ತೀನ್ರಿ. ಎರಡು ಹೊಳಿ ಕೂಡೂ ಜಾಗಾ."

ಜಕ್ಕಪ್ಪನಿಗೆ ಸಂತೋಷವಾಯಿತು. "ಛಲೋ ಆತು. ಒಯ್ಯಿ," ಎಂದ.

ಆಕೆಯ ಲೆಕ್ಕ ಹೀಗಿತ್ತು. ದೇವರ ಕಂಬಳಿ ಬೇಡ ಎಂದು ಯಾವ ಮಾಸ್ತರರೂ ಅನ್ನುವುದಿಲ್ಲ. ನಮ್ಮವರಲ್ಲಿ ಕಂಬಳಿಗೆ ಮೈಲಿಗೆ ಎಣಿಸುವುದಿಲ್ಲ. ದೇವರು ಗದ್ದಿಗೆಯಿಂದ ಇಳಿದಾಗಿದೆ, ಕಂಬಳಿ ತೊಳೆಯಲು ಹೊರಟಿದೆ. ರಾತ್ರಿ ಅದರ ಮೇಲೆ ಮಗು ಮಲಗಿದರೆ, ಆದದ್ದು ಆಗಲಿ, ಮುಂಜಾನೆ ಹೊಳೆ ಹೇಗೂ ಇದೆ.

ಈ ಲೆಕ್ಕದಲ್ಲಿ ಒಂದು ತಪ್ಪಿತ್ತು. ನಮ್ಮ ಹೆಂಗಸರು ಯಾವ ಕಂಬಳಿಯನ್ನೂ ಬೆಳಕಿಗೆ ಹಿಡಿದು ನೋಡದೆ ಹಾಸುವುದಿಲ್ಲ. ನುಸಿ ತಿಂದಿದ್ದರೆ ಬೆಳಕು ಕಾಣುತ್ತದೆ. ದೇವರ ಕಂಬಳಿಯನ್ನು ಹಾಗೆ ಎತ್ತಿ ಹಿಡಿದು ನೋಡುವ ಪದ್ಧತಿ ಇಲ್ಲ. ಮಡಿಕೆಯಲ್ಲೇ ತರುತ್ತಾರೆ, ಮಡಿಕೆಯಲ್ಲೇ ಇಡುತ್ತಾರೆ. ಅನಸವ್ವನೂ ನೋಡಲಿಲ್ಲ.

ಬಸ್ಸು ಹೊರಡುವಾಗ ಪಾಂಡಪ್ಪ ಮಾಸ್ತರರು ಆಕೆಯ ಹೆಗಲು ನೋಡಿದರು. "ಮತ್ತ ತಂದ್ಯಲ್ಲಾ!"

"ಇದು ದೇವರದರಿ. ತೊಳ್ಯಾಕ ಹೊಂಟೈತಿ."

ಮಾಸ್ತರರು ಚಪ್ಪಲಿ ಬಿಟ್ಟು ಕೈ ಮುಗಿದರು. "ಹಂಗಾರ ಮುಂದಿನ ಸೀಟಿನ ಮ್ಯಾಲ ಇಡು. ಯಾರ ಕಾಲೂ ತಾಗಬಾರದು," ಎಂದರು.

ಮುಧೋಳ ದಾಟುವ ತನಕ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆಯೇ ಹೋದೆವು. ಹುಡುಗರು ಕಿಟಕಿಯಿಂದ ಕೈ ಚಾಚಿ ಕಬ್ಬು ಎಳೆಯಲು ನೋಡುತ್ತಿದ್ದರು. ಮಾಲಾ ಗೆಳತಿಯರ ನಡುವೆ ಕುಳಿತು ಹಾಡುತ್ತಿದ್ದಳು. ಅನಸವ್ವ ನೀರಿನ ಕ್ಯಾನು ಹಿಡಿದು ಸೀಟು ಸೀಟಿಗೂ ಹೋಗುತ್ತಿದ್ದಳು. ಮಾಲಾ ಬೇಡ ಎಂದು ತಲೆ ಅಲ್ಲಾಡಿಸಿದಳು. ಅನಸವ್ವ ಲೋಟ ಹಿಡಿದುಕೊಂಡೇ ನಿಂತಳು. ಆಮೇಲೆ ಮಾಲಾ ಕುಡಿದಳು.

ಸಂಗಮದಲ್ಲಿ ಉಳಿದದ್ದು ಮದುವೆ ಮಾಡುವ ಒಂದು ಮಂಗಲ ಕಾರ್ಯಾಲಯದಲ್ಲಿ. ಹುಡುಗಿಯರಿಗೆ ಒಳಗೆ, ಹುಡುಗರಿಗೆ ಹೊರಗಿನ ಪಡಸಾಲೆಯಲ್ಲಿ. ನಾನು ಬಸ್ಸಿನಲ್ಲೇ ಮಲಗಿದೆ. ಬಸ್ಸು ಹೊಳೆಯ ಕಡೆ ನಿಲ್ಲಿಸಿದ್ದೆ.

ಬೆಳಗಾಗುವ ಹೊತ್ತಿಗೆ ಬಟ್ಟೆ ಒಗೆಯುವ ಸಪ್ಪಳ ಕೇಳಿ ಎದ್ದೆ. ಅನಸವ್ವ ಮೊಣಕಾಲು ನೀರಿನಲ್ಲಿ ನಿಂತು ಕಂಬಳಿ ತುಳಿಯುತ್ತಿದ್ದಳು. ಕಲ್ಲಿನ ಮೇಲೆ ಒಂದು ಸಣ್ಣ ಲಂಗವೂ ಇತ್ತು. ಆಕೆ ನನ್ನನ್ನು ನೋಡಿದಳು.

"ಎದ್ದೇನಪಾ?"

"ಎದ್ದೆ ಆಯಿ."

"ಏನ ನೋಡಿದಿ?"

"ಏನಿಲ್ಲ."

"ಹಾಂ," ಎಂದು ಲಂಗವನ್ನು ಹಿಂಡಿ ತನ್ನ ಸೀರೆಯ ಒಳಗೆ ಸಿಕ್ಕಿಸಿಕೊಂಡಳು. ಕಂಬಳಿಯನ್ನು ತಲೆಯ ಮೇಲೆ ಹೊತ್ತಳು. ನೀರು ಮುಖದ ಮೇಲೆ ಇಳಿಯುತ್ತಿತ್ತು. ನಾನು ಬೋಗುಣಿ ಇಳಿಸಿಕೊಂಡು ಆಕೆಯ ಹಿಂದೆಯೇ ಹೋದೆ. ಆದ್ದರಿಂದ ಒಳಗೆ ನಡೆದದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ.

ಹುಡುಗಿಯರೆಲ್ಲ ಎದ್ದು ನಿಂತಿದ್ದರು. ದಾನಮ್ಮ ಅಕ್ಕೋರು ಗಾದಿ ಸುತ್ತಿಸುತ್ತಿದ್ದರು. ಮೂಲೆಯಲ್ಲಿದ್ದ ಗಾದಿಯ ಬಿಳಿ ಹೊದಿಕೆಯ ಮೇಲೆ ಹಳದಿ ಕಲೆ ದೊಡ್ಡದಾಗಿ ಹರಡಿತ್ತು. ರಾತ್ರಿ ಅದರ ಮೇಲೆ ಹಾಸಿದ್ದ ದೇವರ ಕಂಬಳಿಯ ಮಡಿಕೆಗುಂಟ ನುಸಿ ತಿಂದಿದ್ದ ಕಡೆಯೆಲ್ಲ ಇಳಿದಿತ್ತು. ಕತ್ತಲಲ್ಲಿ ಎದ್ದು ಹೋದ ಅನಸವ್ವನಿಗೆ ಅದು ಕಂಡಿರಲಿಲ್ಲ.

"ಯಾರದಿದು ಗಾದಿ? ಶಾಮಿಯಾನದಾವ ಬಿಡ್ತಾನೇನ ನಮ್ಮನ್ನ? ಯಾರ ಮಲಗಿದ್ರಿ ಇಲ್ಲಿ?"

ಒಬ್ಬ ಹುಡುಗಿ ಮೂಗು ಹಿಡಿದುಕೊಂಡಳು. ಇನ್ನೊಬ್ಬಳು, "ಅಕ್ಕೋರ, ಆಯಿ ಮಗ್ಗಲಕ ಮಾಲಾ ಇದ್ಲರಿ," ಎಂದಳು.

ಎಲ್ಲರೂ ಮಾಲಾಳ ಕಡೆ ತಿರುಗಿದರು. ಮಾಲಾ ತನ್ನ ಉಟ್ಟ ಲಂಗವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಒಣ ಲಂಗ. ಆದರೆ ನಿನ್ನೆ ಉಟ್ಟದ್ದಲ್ಲ. ಇನ್ನೊಂದು ಗಳಿಗೆ ಹೋಗಿದ್ದರೆ ಯಾರಾದರೂ ಅದನ್ನು ಹೇಳುತ್ತಿದ್ದರು.

"ನಂದರಿ ಅಕ್ಕೋರ," ಎಂದಳು ಅನಸವ್ವ ಬಾಗಿಲಿನಿಂದ.

"ಏನ ನಿಂದು?"

"ನಾನ ಹೊಯ್ಕೊಂಡೇನಿ. ವಯಸ್ಸಾತು ನೋಡ್ರಿ. ತಡ್ಯಾಕ ಆಗಂಗಿಲ್ಲ. ಕೂಸಿನ ಮೈಮ್ಯಾಲೂ ಹೋಗಿತ್ತು, ಲಂಗಾ ಬಿಚ್ಚಿಸಿ ತೊಳದೇನಿ." ಸೀರೆಯೊಳಗಿಂದ ಆ ಲಂಗ ತೆಗೆದು ಎಲ್ಲರಿಗೂ ತೋರಿಸಿದಳು.

ಹುಡುಗಿಯರು ನಕ್ಕರು. "ಅಯ್ಯಯ್ಯ ಆಯಿ! ಇಷ್ಟ ದೊಡ್ಡಾಕಿ ಆಗಿ!" ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಾಲಾ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಥೂ ಆಯಿ, ನನ್ನ ಮ್ಯಾಲೆಲ್ಲಾ ಹೊಯ್ದಿ!" ಎಂದಳು.

ಅನಸವ್ವ ಹಲ್ಲು ಕಿರಿದು ನಿಂತಿದ್ದಳು. ತಲೆಯ ಮೇಲಿನ ಕಂಬಳಿ ಇನ್ನೂ ಸೋರುತ್ತಿತ್ತು.

ಅಂದಿನ ಉಪ್ಪಿಟ್ಟನ್ನು ಕೆಲವರು ತಿನ್ನಲಿಲ್ಲ. ಅದನ್ನು ಮಾಡಿದವಳು ಆಕೆ ಎಂದು.

ನಾವು ಬೀಳಗಿ, ಜಮಖಂಡಿ ಹಾದು ಬನಹಟ್ಟಿಗೆ ಬರುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ನಮಗಿಂತ ಮೊದಲೇ ಬಂದಿತ್ತು. ಮರುದಿನ ಮಕ್ಕಳ ತಂದೆ ತಾಯಿ ಶಾಲೆಗೆ ಬಂದರು. ಇಂಥ ರೋಗ ಇದ್ದವಳ ಕೈಯಿಂದ ಮಕ್ಕಳು ಉಣ್ಣುವುದು ಬೇಡ ಎಂದರು. ಅವರ ಮಾತು ತಪ್ಪೆಂದು ನಾನು ಹೇಳುವುದಿಲ್ಲ. ಅವರಿಗೆ ತಿಳಿದದ್ದು ಅಷ್ಟು. ಪಾಂಡಪ್ಪ ಮಾಸ್ತರರು ಆಕೆಯನ್ನು ಬದಿಗೆ ಕರೆದರು.

"ಅನಸವ್ವ, ಡಾಕ್ಟರ ಕಡೆ ಹೋಗಿ ತೋರಿಸ್ಕೊಂಡ ಬಾ. ನಿನಗ ಏನಿಲ್ಲಂತ ಅವ್ರ ಅಂದ್ರ ಸಾಕು. ನಾ ಎಲ್ಲಾರಿಗೂ ಹೇಳ್ತೀನಿ."

"ಐತ್ರಿ ಮಾಸ್ತರ. ಇಲ್ಲಂದ್ರ ಸುಳ್ಳಾಕ್ಕೈತಿ."

ತನಗೆ ಏನಿಲ್ಲ ಎಂದಾದರೆ, ಮತ್ತೆ ಯಾರದು ಎಂದು ಕೇಳುತ್ತಾರೆ. ಆಕೆ ಡಾಕ್ಟರರ ಕಡೆ ಹೋಗಲಿಲ್ಲ. ಕೆಲಸ ಹೋಯಿತು.

ಗುಡಿಯ ಮಾತು ಇದಕ್ಕಿಂತ ಕೆಟ್ಟದ್ದಾಯಿತು. ಆ ವಾರವೇ ವಸ್ತಿಯ ಹಿರಿಯರು ಬೀರಪ್ಪನ ಕಟ್ಟೆಯ ಮೇಲೆ ಕೂಡಿದರು. ವಸ್ತಿಯವನಾದ್ದರಿಂದ ನಾನೂ ಇದ್ದೆ. ಮಧ್ಯಾಹ್ನದ ಬಿಸಿಲು. ಅನಸವ್ವ ಕೆಳಗೆ ನೆಲದ ಮೇಲೆ ಕುಳಿತಿದ್ದಳು. ಜಕ್ಕಪ್ಪನ ಹೆಂಡತಿ ಸುಂದರವ್ವ ಬಾಯಿಗೆ ಬಂದದ್ದು ಅನ್ನುತ್ತಿದ್ದಳು.

"ಮಲಗಾಕ ದೇವರ ಕಂಬಳಿನ ಬೇಕಾಗಿತ್ತೇನ ಇಕಿಗೆ? ಚಾಪಿ ಇರಲಿಲ್ಲ ಮನ್ಯಾಗ?"

"ಬಾಯಿ ಮುಚ್ಚಲೇ ನೀ," ಎಂದ ಜಕ್ಕಪ್ಪ. ಆತ ಕೆಟ್ಟ ಮನುಷ್ಯನಲ್ಲ. ಅನಸವ್ವನ ಕಡೆ ತಿರುಗಿ ಮೆತ್ತಗೆ ಹೇಳಿದ.

"ಅನಸಿ, ನೀ ಈ ಮನಿಗೆ ಸಣ್ಣಾಕಿದ್ದಾಗ ಬಂದಾಕಿ. ನಿನ್ನ ಗುಣಾ ನನಗ ಗೊತ್ತೈತಿ. ಇದು ನಿಂದಲ್ಲ. ಯಾವುದೋ ಕೂಸಿಂದು ಮುಚ್ಚಾಕತ್ತಿ."

"ನಂದರಿ ಭಾವಾರ."

"ಕೇಳಿಲ್ಲಿ. ದೊಡ್ಡವರು ಮಾಡಿದ್ರ ದೇವರ ಸುಮ್ಮ ಬಿಡೂದಿಲ್ಲ. ಕೂಸಿಂದಾದ್ರ ದೇವರಿಗೆ ಸಿಟ್ಟಿಲ್ಲ. ಆ ಕೂಸಿನ ಕರಕೊಂಡ ಬಾ. ಗುಡಿ ಮುಂದ ನಿಲ್ಲಲಿ, ಬಂಡಾರ ಹಚ್ಚತೀನಿ, ಅವರ ಮನ್ಯಾಗಿನವರು ಒಂದ ಕಾಯಿ ಒಡೀಲಿ. ಮುಗೀತು. ಹಾಸೂ ಹಕ್ಕ ನಿನಗ ಇರ್ತೈತಿ. ಹೆಸರ ಹೇಳು."

ಕಟ್ಟೆಯ ಮೇಲೆ, ಬೇವಿನ ಕೆಳಗೆ, ಹೊಲದ ಬದುವಿನ ಮೇಲೆ ಜನ ನಿಂತಿದ್ದರು. ಸುದ್ದಿ ಕೇಳಿ ಬನಹಟ್ಟಿಯಿಂದಲೂ ಕೆಲವರು ಬಂದಿದ್ದರು. ಅಷ್ಟು ಜನರ ಮುಂದೆ ಆ ಹುಡುಗಿ ನಿಲ್ಲಬೇಕಾಗುತ್ತಿತ್ತು.

"ಕೂಸ ಯಾವುದೂ ಇಲ್ರಿ," ಎಂದಳು ಅನಸವ್ವ.

"ಹಂಗಾರ ಬಂಡಾರ ಮುಟ್ಟಿ ಹೇಳು."

ಜಕ್ಕಪ್ಪ ಹಿತ್ತಾಳೆ ತಾಟಿನಲ್ಲಿ ಬಂಡಾರ ತಂದು ಆಕೆಯ ಮುಂದೆ ಇಟ್ಟ. ಈ ಅರಿಷಿಣದ ಪುಡಿ ಹಿಡಿದು ಸುಳ್ಳು ಹೇಳುವವರು ನಮ್ಮಲ್ಲಿ ಇಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವರೂ ಬಂಡಾರದ ಮುಂದೆ ಹೇಳುವುದಿಲ್ಲ. ಆಕೆ ಹಿಂದೆ ಸರಿಯುತ್ತಾಳೆ, ಇನ್ನು ಮಗುವಿನ ಹೆಸರು ಹೇಳುತ್ತಾಳೆ ಎಂದು ಎಲ್ಲರೂ ತಿಳಿದರು. ನಾನೂ ತಿಳಿದೆ.

ಅನಸವ್ವ ತಾಟನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಂಡಾರವನ್ನು ಮುಷ್ಟಿ ತುಂಬ ಹಿಡಿದಳು.

"ಬೀರಪ್ಪನ ಆಣಿ, ಹಾಸಿಗ್ಯಾಗ ಹೊಯ್ದಾಕಿ ನಾನ."

ಜಕ್ಕಪ್ಪ ತಾಟು ಎತ್ತಿಕೊಂಡ. "ಏಳಲ್ಲಿಂದ," ಎಂದಷ್ಟೇ ಹೇಳಿದ. ಹಾಸುವ ಹಕ್ಕು ಬೇರೆ ಮನೆಗೆ ಹೋಯಿತು. ಆಕೆ ಗುಡಿಯ ಮೆಟ್ಟಿಲು ಹತ್ತಬಾರದು ಎಂದಾಯಿತು. ಆಮೇಲೆ ವಸ್ತಿಯವರು ಆಕೆಯ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟರು. ಯಾರೂ ಬಿಡಿರಿ ಎಂದು ಹೇಳಲಿಲ್ಲ. ತಾವಾಗಿಯೇ ಬಿಟ್ಟರು. ಮಕ್ಕಳು ಆಕೆಯ ಹೆಸರಿನ ಹಿಂದೆ ಆ ಹೊಲಸು ಮಾತು ಸೇರಿಸಿ ಕೂಗಲು ಕಲಿತರು.

ಒಂದು ದಿನ ನಾನು ಕೇಳಿದೆ. "ಆಯಿ, ಬಂಡಾರ ಯಾಕ ಮುಟ್ಟಿದಿ? ಸುಳ್ಳ ಆಣಿ ಅಲ್ಲೇನ?"

ಆಕೆ ಬಾಗಿಲಲ್ಲಿ ಕುಳಿತು ಉಣ್ಣೆ ನೂಲುತ್ತಿದ್ದಳು. ಕದರು ನಿಲ್ಲಿಸಲಿಲ್ಲ.

"ಸುಳ್ಳ ಎಲ್ಲಿ ಹೇಳೇನಪಾ? ನಾ ಈ ಮನಿಗೆ ಬಂದಾಗ ಸಣ್ಣಾಕಿ. ಮದಲ್ನೇ ದಿನಾನ ಹಾಸಿಗಿ ತೋಯಿಸಿದ್ನಿ. ನಮ್ಮತ್ತಿ ಆ ಕೌದಿ ನನ್ನ ತಲಿ ಮ್ಯಾಲ ಹೊರಿಸಿ, ಬಾವಿ ಕಟ್ಟಿ ಮ್ಯಾಲ ನಿಲ್ಲಿಸಿದ್ಲು. ನೀರಿಗೆ ಬಂದವರೆಲ್ಲಾ ನೋಡಿದ್ರು. ಹಂಗ ಮಾಡಿದ್ರ ಬಿಡ್ತಾರಂತ ಆಗಿನವರ ತಿಳವಳಿಕಿ. ಹಾಸಿಗ್ಯಾಗ ಹೊಯ್ದಾಕಿ ನಾನ ಅಂದೆ. ಯಾವಾಗ ಅಂತ ಅವರ ಕೇಳಲಿಲ್ಲ, ನಾ ಹೇಳಲಿಲ್ಲ."

ನನಗೆ ನಗು ಬಂತು. ಆಕೆ ನಗಲಿಲ್ಲ.

"ಆದ್ರ ಅವ ದೇವರು. ಅವಗ ತಿಳಿಯೂದಿಲ್ಲೇನ?" ಎಂದಳು.

ಆ ಮಾತು ಆಕೆಯ ಮನಸ್ಸಿನಿಂದ ಹೋಗಲೇ ಇಲ್ಲ. ಕೆಲವು ವರ್ಷಗಳಿಂದ ಆಕೆಯ ಕಣ್ಣಿಗೆ ಪೊರೆ ಬಂದಿದೆ. ಒಂದು ಕಣ್ಣು ಪೂರಾ ಹೋಗಿದೆ. ಇನ್ನೊಂದರಲ್ಲಿ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಮುಧೋಳದಲ್ಲಿ ಕಣ್ಣಿನ ಶಿಬಿರ ಇದ್ದಾಗ ನಾನು ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದೆ. ಬರಲಿಲ್ಲ.

"ಆಣಿದ ಕೊಡೂದು ಕೊಡಾಕತ್ತೀನಿ. ಈ ಪೊರಿ ತಗಸಿದ್ರ ಇನ್ನೇನ ತಗೋತಾನೋ ಅವ."

"ಹಂಗಿಲ್ಲ ಆಯಿ, ಅದು ವಯಸ್ಸಿಗೆ ಬರೂ ಪೊರಿ."

"ನಿನಗ ಬಸ್ಸ ಓಡಸೂದ ಗೊತ್ತು. ಗಪ್ ಕುಂದ್ರು."

ಮಾಲಾ ಶಾಲೆ ಬಿಡಲಿಲ್ಲ. ಹತ್ತನೇದು ಪಾಸಾದಳು. ಈಗ ಜಮಖಂಡಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಹಾಸಿಗೆಯ ತೊಂದರೆ ಪ್ರವಾಸದ ಮರುವರ್ಷವೇ ತಾನಾಗಿ ನಿಂತಿತಂತೆ. ಶಾಲೆಗೆ ಹೋಗುವಾಗ ಬನಹಟ್ಟಿಯ ಸಂತೆಯಲ್ಲಿ ಆಕೆಗೆ ಅನಸವ್ವ ಎದುರಾಗುತ್ತಿದ್ದಳು. ಇಬ್ಬರೂ ಮಾತನಾಡುತ್ತಿರಲಿಲ್ಲ. ನಾನು ಒಮ್ಮೆ ಅನಸವ್ವನಿಗೆ, "ಆ ಹುಡುಗಿ ಒಂದ ಮಾತ ಆಡ್ಸಂಗಿಲ್ಲಲ್ಲ ನಿನ್ನ," ಎಂದೆ.

"ಆಡಿಸಬಾರದು ಅದು. ಆಡಿಸಿದ್ರ ಗೊತ್ತಾಕ್ಕೈತಿ," ಎಂದಳು. ಆಮೇಲೆ, "ಆವತ್ತ ಏನ ಛಲೋ ನಕ್ಕಳ ನೋಡ ಕೂಸು," ಎಂದಳು.

ಆ ನಗು ಮಾಲಾಳನ್ನು ಬಿಟ್ಟಿಲ್ಲ. ಜಕ್ಕಪ್ಪ ತೀರಿಕೊಂಡ ಮೇಲೆ, ಹೋದ ಬೇಸಿಗೆಯಲ್ಲಿ, ಆಕೆ ವಸ್ತಿಗೆ ಬಂದಳು. ನನ್ನ ಮನೆ ಕೇಳಿಕೊಂಡು ಬಂದು, ಅನಸವ್ವನ ಬಾಗಿಲ ತನಕ ನನ್ನ ಸಂಗಡ ನಡೆದಳು.

"ಆಯಿ, ನಾನು. ಗುರ್ತ ಸಿಕ್ಕಿತೇನ್ರಿ?"

ಅನಸವ್ವ ನೂಲುವುದನ್ನು ನಿಲ್ಲಿಸಿದಳು. ದನಿಯ ಕಡೆ ಮುಖ ತಿರುಗಿಸಿದಳು. ಆಕೆಗೆ ಗುರುತು ಸಿಕ್ಕಿತ್ತು. ಕದರಿನ ಮೇಲೆ ನಿಂತುಹೋದ ಕೈ ನೋಡಿದರೆ ತಿಳಿಯುತ್ತಿತ್ತು.

"ಯಾರವ್ವಾ? ಕಣ್ಣ ಕಾಣಂಗಿಲ್ಲ ನನಗ."

"ಸಂಗಮಕ್ಕ ಬಂದಿದ್ನಿಲ್ರಿ. ನಾನ ಆಯಿ. ನಾ ಗುಡಿ ಮುಂದ ನಿಂತ ಎಲ್ಲಾರಿಗೂ ಹೇಳ್ತೀನಿ. ಈಗ ನನಗ ನಾಚಿಕಿಲ್ಲ."

"ಯಾವ ಸಂಗಮ? ನನಗ ನೆನಪಿಲ್ಲ ತಂಗಿ. ಭಾಳ ಹುಡುಗೂರು ಬರ್ತಿದ್ವು."

"ಆಯಿ..."

"ಗುಡಿ ಮುಂದೇನೂ ಹೇಳಬ್ಯಾಡ. ನಾಳೆ ನಿನಗ ವರಾ ನೋಡಾಕ ಬಂದವರು ಆ ಮಾತ ಹಿಡೀತಾರ. ನಾ ಕಣ್ಣ ಕೊಟ್ಟ ಮ್ಯಾಲೂ ಆ ಮಾನ ಉಳಿಲಿಲ್ಲಂದ್ರ ಹೆಂಗ?"

ಹೇಳಿಬಿಟ್ಟ ಮೇಲೆ ಮತ್ತೆ ಕದರಿಗೆ ಕೈ ಹಾಕಿದಳು. ಮಾಲಾ ಆಕೆಯ ಮೊಣಕಾಲಿನ ಮೇಲೆ ತಲೆ ಇಟ್ಟು ಅತ್ತಳು. ಅನಸವ್ವ ಅವಳ ತಲೆಯ ಮೇಲೆ ಕೈ ಇಡಲಿಲ್ಲ. ಇಟ್ಟರೆ ಗುರುತು ಒಪ್ಪಿಕೊಂಡ ಹಾಗೆ. ಕದರನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದಳು.

ಹೋಗುವಾಗ ಮಾಲಾ ನೀರು ಕೇಳಿದಳು. ಅನಸವ್ವ ಗೋಡೆ ಹಿಡಿದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬೇರೆಯವರಿಗೆ ಎಂದು ತೆಗೆದಿಟ್ಟಿದ್ದ ಹಿತ್ತಾಳೆಯ ತಂಬಿಗೆ ಎಲ್ಲಿಟ್ಟಿದ್ದಳೋ ಆಕೆಗೇ ಮರೆತಿತ್ತು. ಕೊನೆಗೆ ತಾನು ಕುಡಿಯುವ ಸ್ಟೀಲ್ ಲೋಟದಲ್ಲೇ ತಂದಳು. ಮಾಲಾ ಕುಡಿದಳು. ಅನಸವ್ವ ಗುಟುಕಿನ ಸಪ್ಪಳ ಕೇಳುತ್ತಾ ನಿಂತಿದ್ದಳು.

ದಾರಿಯಲ್ಲಿ ಮಾಲಾ, "ಕಾಕಾ, ನೀವರ ಬರೀರಿ. ನನ್ನ ಹೆಸರ ಬೇಕಾದ್ರ ಹಾಕ್ರಿ," ಎಂದಳು. ನಾನು ಅನಸವ್ವನನ್ನೂ ಕೇಳಿದೆ. "ನಂದ ಏನ ಬೇಕಾದ್ದ ಬರಕೊ. ಕೂಸಿಂದ ಬರೀಬ್ಯಾಡ," ಎಂದಳು. ಅದಕ್ಕೆ ಹೆಸರು ಬದಲಿಸಿದ್ದೇನೆ. ಉಳಿದದ್ದು ನಡೆದ ಹಾಗೆಯೇ ಇದೆ.

ಇದನ್ನು ಓದಿದವರಲ್ಲಿ ನನ್ನ ಒಂದು ಬೇಡಿಕೆ. ಆ ಕಡೆ ಬಂದರೆ ಅನಸವ್ವನ ಮನೆಗೆ ಹೋಗಿ. ಬನಹಟ್ಟಿಯಿಂದ ಚಿಮ್ಮಡಕ್ಕೆ ಬಸ್ಸೂ ಇದೆ, ಟಂಟಂ ಗಾಡಿಯೂ ಇದೆ. ಅಲ್ಲಿಂದ ತೋಟದ ದಾರಿ ಕೇಳಿದರೆ ಹೇಳುತ್ತಾರೆ. ಅವರು ಹೆಸರಿನ ಹಿಂದೆ ಇನ್ನೊಂದು ಮಾತು ಸೇರಿಸಿ ಹೇಳಿದರೆ, ನೀವು ಬರೀ ಅನಸವ್ವ ಅನ್ನಿ. ಆಕೆ ಹಾಸುವ ಕಂಬಳಿಯ ಮೇಲೆ ಕುಳಿತುಕೊಳ್ಳಿ. ಆ ಮಗು ಯಾರು ಎಂದು ಕೇಳಬೇಡಿ. ಕೇಳಿದರೂ ಹೇಳುವುದಿಲ್ಲ. ಕುಡಿಯಲು ನೀರು ಕೇಳಿ. ತರಲು ತಡವಾಗುತ್ತದೆ, ಕಾಯಿರಿ. ಕಣ್ಣಿನ ಪೊರೆ ತೆಗೆಸಿಕೊಳ್ಳುವ ಮಾತು ನಿಮ್ಮಿಂದ ಆದರೆ ಹೇಳಿ ನೋಡಿ. ನನ್ನ ಮಾತು ಆಕೆ ಕೇಳಲಿಲ್ಲ.